ಬಿಸಿಲು ಯಾರ ಪಾಲಿಗೆ

ಜೂನ್ 5, 2025, ಗುರುವಾರ
ಪುತ್ತೂರು ಹತ್ತಿರದ ತೋಟದ ಮನೆ

ಮಳೆ ಬಿಟ್ಟಿದೆ, ಸೆಕೆ ಬಿಟ್ಟಿಲ್ಲ. ಈ ಸಲ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತಲ್ಲ, 2009ರ ನಂತರ ಇಷ್ಟು ಬೇಗ ಬಂದದ್ದೇ ಇಲ್ಲವಂತೆ. ಪತ್ತನಾಜೆಗೆ, ಅಂದರೆ ತುಳು ಬೇಷ ತಿಂಗಳ ಹತ್ತನೇ ದಿನ, ಹತ್ತು ಹನಿಯಾದರೂ ಬೀಳಬೇಕು ಅನ್ನುತ್ತಾರೆ ನಮ್ಮ ಕಡೆ. ಈ ವರ್ಷ ಆ ಹೊತ್ತಿಗೆ ಬೇಡ ಬೇಡ ಅಂದರೂ ಸುರಿಯಿತು. ಈಗ ಸ್ವಲ್ಪ ಬಿಡುವು. ಬಿಡುವು ಅಂದ್ರೆ ಆರಾಮ ಅಂದ್ಕೋಬೇಡಿ, ನೆಲ ಪೂರ್ತಿ ನೆನೆದಿದೆ, ಬಿಸಿಲು ಬಿದ್ದ ಕೂಡಲೇ ಅಂಗಳದಿಂದ ಹಬೆ ಏಳುತ್ತದೆ, ಗಾಳಿಯೇ ಒದ್ದೆ ಆದ್ದರಿಂದ ಬೆವರು ಆರುವುದೇ ಇಲ್ಲ. ಫ್ಯಾನಿನಡಿ ಕೂತರೆ ಪರವಾಗಿಲ್ಲ. ಕರೆಂಟ್ ಇದ್ದರೆ.

ಇಂಥ ದಿನ ಬಿಸಿಲು ಬಂತೋ, ಮನೆಯಲ್ಲಿ ಜಗಳ ಗ್ಯಾರಂಟಿ. ಅತ್ತೆಗೆ ಹಲಸಿನ ಹಪ್ಪಳ ಒಣಗಬೇಕು. ನನಗೆ ಮಗಳ ಯೂನಿಫಾರ್ಮ್ ಒಣಗಬೇಕು. ಇವರಿಗೆ ಅಡಿಕೆಗೆ ಮದ್ದು ಬಿಡಬೇಕು.

"ಅತ್ತೆ, ಈ ಚಾಪೆ ಸ್ವಲ್ಪ ಆಚೆ ಸರಿಸ್ಲಾ?" ಅಂದೆ.

"ನಿನ್ನ ಬಟ್ಟೆ ಬಚ್ಚಲೊಲೆ ಮೇಲೂ ಒಣಗ್ತದೆ. ಹಪ್ಪಳ ಒಣಗ್ತದಾ?"

ಮಾತು ಸರಿಯೇ. ಆದರೆ ಹೊಗೆ ವಾಸನೆಯ ಅಂಗಿ ಹಾಕಲಾರೆ ಅಂತ ಮಗಳು ಬೆಳಿಗ್ಗೆ ಬೆಳಿಗ್ಗೆ ಅಳುವುದನ್ನು ಅತ್ತೆ ಕೇಳಬೇಕಲ್ಲ!

ಇವರದ್ದು ಎಲ್ಲಕ್ಕಿಂತ ದೊಡ್ಡ ಕಷ್ಟ. ಆ ಮದ್ದು, ಅಂದರೆ ಬೋರ್ಡೋ ದ್ರಾವಣ, ಮಳೆಗಾಲಕ್ಕೆ ಮೊದಲೇ ಒಂದು ಸುತ್ತು ಬಿಟ್ಟಿರಬೇಕು, ಇಲ್ಲದಿದ್ದರೆ ಕೊಳೆರೋಗಕ್ಕೆ ಎಳೆಕಾಯಿ ಎಲ್ಲ ಬುಡಕ್ಕೆ ಉದುರುತ್ತದೆ. ಮಳೆಗಾಲವೇ ಮೊದಲು ಬಂದರೆ ಏನು ಮಾಡುವುದು? ಇವತ್ತು ಮದ್ದು ಬಿಡುವವರು ಸಿಕ್ಕಿದ್ದರು. ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಒಟ್ಟು ನೂರು ಲೀಟರ್ ನೀರಿಗೆ. ಬ್ಯಾರೆಲ್‌ನಲ್ಲಿ ಆ ತಿಳಿನೀಲಿ ಬಣ್ಣ ಏಳುವುದು ನೋಡಲು ಚಂದ. ಆಮೇಲೆ ಇವರು ಹಳೇ ಕತ್ತಿ ಅದ್ದಿ ತೆಗೆದು ಬಿಸಿಲಿಗೆ ಹಿಡಿದು ನೋಡಿದರು. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿತ್ತು. ಅಂದರೆ ಸುಣ್ಣ ಸಾಲದು. ಇನ್ನಷ್ಟು ತಿಳಿಸುಣ್ಣ ಹಾಕಿ ಮತ್ತೆ ಅದ್ದಿದರು, ಕತ್ತಿ ಕತ್ತಿಯ ಬಣ್ಣಕ್ಕೇ ಬಂತು.

ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು, ನಾಳೆಗೆ ಇಡುವ ಹಾಗಿಲ್ಲ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವ ಕೆಲಸವಿಲ್ಲ, ನೆಲದಿಂದಲೇ ಗೊನೆಗೆ ಬಿಡುತ್ತಾರೆ, ಆದರೂ ಕುತ್ತಿಗೆ ನೋವು ಅವರದ್ದೇ. ಮಧ್ಯೆ ಮಧ್ಯೆ ಪುನರ್ಪುಳಿ ಶರಬತ್ತು ಉಪ್ಪು ಹಾಕಿ ಕೊಟ್ಟೆ. ಕೆಳಗಿನ ತೋಟ ಮುಗಿಯಿತು. ಮೇಲಿನದ್ದಕ್ಕೆ ಹೋಗುವಷ್ಟರಲ್ಲಿ ಪಡುವಣ ಕಪ್ಪಾಯಿತು.

ಅತ್ತೆ ಚಾಪೆ ಸಮೇತ ಒಳಗೆ ಓಡಿದರು. ಹಪ್ಪಳ ಅರ್ಧ ಒಣಗಿತ್ತು, ಹಾಗೇ ಇಟ್ಟರೆ ನಾಳೆಗೆ ಬೂಷ್ಟು. ಸ್ವಲ್ಪ ಅಟ್ಟಕ್ಕೇರಿತು, ಉಳಿದದ್ದನ್ನು ತೆಂಗಿನೆಣ್ಣೆ, ಕಾಯಿತುರಿ ಜೊತೆ ಎಲ್ಲರೂ ಜಗಲಿಯಲ್ಲಿ ಕೂತು ತಿಂದೆವು. ಮದ್ದು ಬಿಡುವವರಿಗೂ ಕೊಟ್ಟೆವು. ಅವರು ಭಾನುವಾರ ಬರುತ್ತೇನೆ ಅಂದಿದ್ದಾರೆ, ಮಳೆ ಇಲ್ಲದಿದ್ದರೆ.