ಧನುರ್ಮಾಸಕ್ಕೂ ಬಾಡಿಗೆ

2025 ಜನವರಿ 16, ಗುರುವಾರ
ಹಾಸನ

ಎಳ್ಳುಬೆಲ್ಲ ತಿಂದು ಎರಡು ದಿನ ಆಗಿಲ್ಲ, ಇವತ್ತು ಮದುವೆ ಆಲ್ಬಂ ಮಾಡೋ ಲ್ಯಾಬಿನಲ್ಲಿ ಒಬ್ಬರ ಬಾಯಲ್ಲೂ ಒಳ್ಳೆ ಮಾತಿಲ್ಲ. ಫೋಟೋ ತಿದ್ದೋ ಫೋಟೋಶಾಪ್, ರಾಶಿ ಫೋಟೋ ಆರಿಸಿ ಬಣ್ಣ ಸರಿಮಾಡೋ ಲೈಟ್‌ರೂಮ್ ಎರಡನ್ನೂ ಬಾಡಿಗೆಗೆ ಕೊಡೋ ಅಡೋಬಿ ಕಂಪನಿಯ 20 ಜಿಬಿ ಫೋಟೋಗ್ರಫಿ ಪ್ಲಾನ್ ನಿನ್ನೆಯಿಂದ ಹೊಸಬರಿಗೆ ಸಿಗಲ್ಲ. ಹಳಬರಲ್ಲಿ ತಿಂಗಳು ತಿಂಗಳು ಕಟ್ಟುವವರಿಗೆ ಅಮೆರಿಕದ ದರ 9.99 ಡಾಲರಿನಿಂದ 14.99ಕ್ಕೆ ಏರಿದೆ. ವರ್ಷದ ದುಡ್ಡನ್ನು ಒಟ್ಟಿಗೇ ಕಟ್ಟಿದರೆ ಮಾತ್ರ ಹಳೇ ದರ.

ಲ್ಯಾಬಿನ ಹಿರಿಯರೊಬ್ಬರು ನಕ್ಕರು. "ನಮಗೇನ್ ಬಿಡಪ್ಪ, ನಾವಿನ್ನೂ ಫೋಟೋಶಾಪ್ 7ರಲ್ಲೇ ಇದ್ದೀವಿ." ಅದು 2002ರದ್ದು. ಅದರ ಬಿಲ್ ಎಲ್ಲಿ ಅಂತ ಯಾರೂ ಕೇಳಲಿಲ್ಲ, ಕೇಳೋದೂ ಇಲ್ಲ.

ಈ ಜಗಳ ಹೊಸದಲ್ಲ. 2013ರ ಮೇನಲ್ಲಿ ಸಿಎಸ್6 ಅನ್ನೋ ಆವೃತ್ತಿ ಆದ ಮೇಲೆ ಮಾರಾಟ ಇಲ್ಲ, ಇನ್ನೇನಿದ್ದರೂ ಬಾಡಿಗೆ ಅಂತ ಅಡೋಬಿ ಹೇಳಿದಾಗ ಪ್ರಪಂಚದ ಫೋಟೋಗ್ರಾಫರ್‌ಗಳೆಲ್ಲ ಕೂಗಾಡಿದ್ದರು. ಆ ಗಲಾಟೆಯ ನಂತರವೇ, ಅದೇ ಸೆಪ್ಟೆಂಬರಿನಲ್ಲಿ, ಫೋಟೋಶಾಪ್ ಮತ್ತು ಲೈಟ್‌ರೂಮ್ ಸೇರಿಸಿ 9.99ಕ್ಕೆ ಕೊಡೋ ಪ್ಲಾನ್ ಬಂದದ್ದು. ನ್ಯಾಯವಾಗಿ ಹೇಳಬೇಕಂದ್ರೆ ಅದು ಅಗ್ಗವೇ. ಫೋಟೋಶಾಪ್ ಸಿಎಸ್6 ಒಂದಕ್ಕೇ 699 ಡಾಲರ್ ಇತ್ತು. ಆದರೆ ಲೈಟ್‌ರೂಮ್ ಒಂದೇ ಸಾಕು ಅನ್ನುವವರ ಲೆಕ್ಕ ಬೇರೆ. 2015ರಲ್ಲಿ ಬಂದ ಲೈಟ್‌ರೂಮ್ 6ರ ಬೆಲೆ 149 ಡಾಲರ್, ಒಂದೇ ಸಲ. ಹಳೇ ದರದಲ್ಲಿ ಅದು 15 ತಿಂಗಳ ಬಾಡಿಗೆ, ಈಗಿನ ದರದಲ್ಲಿ 10 ತಿಂಗಳದ್ದು. 2017ರಲ್ಲಿ, ಒಂದೇ ಸಲ ಕೊಳ್ಳೋ ಲೈಟ್‌ರೂಮ್ ಇನ್ನು ಮುಂದೆ ಬರಲ್ಲ ಅಂದರು.

ನನಗೆ ಚುಚ್ಚೋದು ಮೊತ್ತ ಅಲ್ಲ, ತಿಂಗಳು. ಸಂಬಳದವರಿಗೆ ತಿಂಗಳ ಬಿಲ್ ಸರಿಹೋಗುತ್ತೆ. ಮದುವೆ ಫೋಟೋ ತೆಗೆಯೋರಿಗೆ ಆಷಾಢ ಇದೆ, ಧನುರ್ಮಾಸ ಇದೆ, ಮುಹೂರ್ತವೇ ಇಲ್ಲದ ವಾರಗಳಿವೆ, ಆಗ ಒಂದು ನಾಮಕರಣ ಸಿಕ್ಕಿದರೆ ಅದೇ ಹಬ್ಬ. ಸಾಫ್ಟ್‌ವೇರ್ ಕೊಂಡುಕೊಳ್ಳುತ್ತಿದ್ದ ಕಾಲದಲ್ಲಿ ವರ್ಷ ಕೆಟ್ಟಿತು ಅಂದ್ರೆ ಈ ಸಲ ಅಪ್‌ಗ್ರೇಡ್ ಬೇಡ ಅಂತ ಸುಮ್ನಿರಬಹುದಿತ್ತು. 2020ರಂಥ ವರ್ಷದಲ್ಲಿ ಆ ಸೌಲಭ್ಯದ ಬೆಲೆ ಗೊತ್ತಾಗುತ್ತಿತ್ತು. ಈಗ ವರ್ಷದ್ದು ಒಟ್ಟಿಗೆ ಕಟ್ಟಿ ಅಂತಾರೆ, ಅದೂ ಜನವರಿಯಲ್ಲಿ, ಇನ್ನೂ ಒಂದು ಅಡ್ವಾನ್ಸ್ ಕೂಡ ಕೈಗೆ ಬರದಿರುವಾಗ.

ಬಿಟ್ಟುಬಿಡೋಣ ಅಂದರೆ ಇನ್ನೊಂದು ತೊಡಕು. ಕಟ್ಟೋದು ನಿಲ್ಲಿಸಿದರೂ ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತೆ, ಫೋಟೋ ನೋಡಬಹುದು, ಎಕ್ಸ್‌ಪೋರ್ಟೂ ಮಾಡಬಹುದು. ಫೋಟೋ ತಿದ್ದೋ ಡೆವಲಪ್ ಭಾಗ ಬಂದ್. ಬಾಡಿಗೆ ಮನೆ ಖಾಲಿ ಮಾಡಿದರೆ ಪಾತ್ರೆ ಪಗಡೆಯಾದರೂ ನಮ್ಮ ಜೊತೆ ಬರುತ್ತೆ, ಇಲ್ಲಿ ಹಳೇ ಎಡಿಟ್‌ಗಳು ಬೇರೆ ಸಾಫ್ಟ್‌ವೇರಿಗೆ ಪೂರ್ತಿ ಬರೋದಿಲ್ಲ. ಕ್ಯಾಮೆರಾದಿಂದ ಬಂದ ಮೂಲ ರಾ ಫೈಲ್ ನಮ್ಮದು, ಅದಕ್ಕೆ ಮಾಡಿದ ಕೆಲಸ ಅರ್ಧ ಅವರದ್ದು.

ಲ್ಯಾಬಿನ ಹುಡುಗ ಅಫಿನಿಟಿ ಫೋಟೋ ಅನ್ನೋ ಬೇರೆ ಸಾಫ್ಟ್‌ವೇರ್ ಕೊಳ್ಳಿ ಅಂದ. 2025ರ ಶುರುವಿನಲ್ಲಿ ಅದಕ್ಕೆ ಒಂದೇ ಸಲ ದುಡ್ಡು ಇತ್ತು, ನಿಜ. ಆದರೆ 2024ರಲ್ಲಿ ಅದನ್ನು ಕ್ಯಾನ್ವಾ ಕಂಪನಿ ಕೊಂಡಿದೆ, ಮುಂದೆ ಏನ್ ಮಾಡ್ತಾರೋ. ಅದೂ ಅಲ್ಲದೆ ಎರಡು ಸಾವಿರ ಫೋಟೋ ಒಟ್ಟಿಗೆ ಆರಿಸಿ, ಬಣ್ಣ ಸರಿಮಾಡೋ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದಲ್ಲ. ಡಾರ್ಕ್‌ಟೇಬಲ್ ಅನ್ನೋ ಸಾಫ್ಟ್‌ವೇರ್ ಉಚಿತ, ಫೋಟೋ ಜೋಡಿಸಿಡೋ ಕ್ಯಾಟಲಾಗ್ ಥರದ್ದೂ ಇದೆ. ಕಲಿಯೋಕೆ ತಾಳ್ಮೆ ಬೇಕು. ಇವತ್ತು ಸಂಜೆ ಹಾಕಿಕೊಂಡಿದ್ದೀನಿ.

ಡಾರ್ಕ್‌ಟೇಬಲ್‌ನಲ್ಲಿ ಪೂರ್ತಿ ಮದುವೆ ಫೋಟೋ ಮುಗಿಸಿದವರು ಯಾರಾದರೂ ಇದ್ದರೆ ಒಂದು ವಿಷಯ ಹೇಳಿ: ಮಂಟಪದ ಆ ಹಾಳು ನೇರಳೆ ಎಲ್‌ಇಡಿ ಬೆಳಕು ಮದುಮಗಳ ಮುಖಕ್ಕೆ ಬಿದ್ದಾಗ ಅದರ ಯಾವ ಮಾಡ್ಯೂಲ್‌ನಲ್ಲಿ (ತಿದ್ದೋ ಸಾಧನದಲ್ಲಿ) ಸರಿ ಮಾಡ್ತೀರ?