ಮಲಗಿದ ಬುದ್ಧ, ಬೋನಾಳದ ಹೆಬ್ಬಾತು, ಜೊತೆಗೆ ನಮ್ಮ ಬುತ್ತಿ ಗಂಟು

ನಮ್ಮನೆಯಲ್ಲಿ ಬೆಳಗಿನ ಡ್ಯೂಟಿ ನನ್ನದು. ಹೆಂಡತಿ ನರ್ಸ್, ಪಾಳಿ ಮೇಲೆ ಕೆಲಸ. ನಾನು ಮನೆಯಲ್ಲೇ ಕೂತು ಅಂಗಡಿಯವರ ಲೆಕ್ಕ ಬರೆಯುವವನು. ಹೀಗಾಗಿ ನಳ ಬಂದಾಗ ನೀರು ಹಿಡಿಯುವುದು, ಮಕ್ಕಳನ್ನು ಎಬ್ಬಿಸುವುದು, ಡಬ್ಬಿ ಕಟ್ಟುವುದು, ಒಂದೇ ಸಾಕ್ಸ್ ಸಿಕ್ಕರೆ ಇನ್ನೊಂದನ್ನು ಹುಡುಕುವುದು ಎಲ್ಲ ನನ್ನ ಪಾಲಿಗೆ. ಆಕಾಶ ನೋಡುವುದು ಮಾಳಿಗೆ ಮೇಲೆ ಬಟ್ಟೆ ಒಣಹಾಕುವಾಗ. ಅದೂ ಮೋಡ ಇದೆಯಾ ಇಲ್ವಾ ಅಂತ ತಿಳಿಯೋಕೆ.

ಎಳ್ಳಮಾವಾಸ್ಯೆ ಮುಗಿದಿತ್ತು. ಹಬ್ಬದ ಶೇಂಗಾ ಹೋಳಿಗೆ ಇನ್ನೂ ಡಬ್ಬಿಯಲ್ಲಿತ್ತು. ಹೆಂಡತಿಗೆ ಭಾನುವಾರವೇ ರಜೆ ಸಿಕ್ಕಿತ್ತು, ಅದು ಸಿಗುವುದು ಅಪರೂಪ. ಸುರಪುರದ ಹತ್ತಿರ ಬೋನಾಳ ಕೆರೆಗೆ ಹಿಮಾಲಯ ದಾಟಿ ಹಕ್ಕಿಗಳು ಬಂದಿರುತ್ತವೆ, ನೋಡಿ ಬರೋಣ ಅಂದೆ. ಮಗಳು ಕೂಡಲೇ ಚಪ್ಪಲಿ ಹಾಕಿಕೊಂಡಳು. ಸಣ್ಣವನು ಮಾತ್ರ ಅಲ್ಲಿ ಜೋಕಾಲಿ ಇದೆಯಾ ಅಂತ ಕೇಳಿದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೊಸರು ಎಲ್ಲ ಬುತ್ತಿ ಕಟ್ಟಿದೆ. ರೊಟ್ಟಿ ಬಡಿಯಲು ನನಗೆ ಬರುವುದಿಲ್ಲ. ಓಣಿಯಲ್ಲಿ ಮಾರುವವರಿರುವಾಗ ಬರಲೇಬೇಕು ಅಂತಲೂ ಇಲ್ಲ.

ಕಲಬುರಗಿ ದಾಟಿದರೆ ಎರಡೂ ಕಡೆ ಎರೆಹೊಲ. ತೊಗರಿ ಕಟಾವು ನಡೆದಿತ್ತು. ಅಲ್ಲಲ್ಲಿ ರಾಶಿ, ಧೂಳು, ಟ್ರ್ಯಾಕ್ಟರ್. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಆದರೆ ದಿನಾ ಬೇಳೆ ಕುದಿಸುವ ನನಗೇ ಅದರ ಗಿಡ ನನ್ನ ಎತ್ತರಕ್ಕೆ ಬೆಳೆಯುತ್ತದೆ ಅನ್ನುವುದು ಮರೆತೇ ಹೋಗಿತ್ತು. ಭೀಮಾ ನದಿ ಸೇತುವೆ ಮೇಲೆ ಎಲ್ಲರೂ ಕಿಟಕಿಗೆ ಬಂದರು. ಜೇವರ್ಗಿಯಲ್ಲಿ ಚಹಾ. ಅಲ್ಲಿಂದ ಶಹಾಪುರದವರೆಗೆ ಹೇಳುವಂಥದ್ದೇನಿಲ್ಲ, ಸಣ್ಣವನು ಎರಡು ಸಲ ಗಾಡಿ ನಿಲ್ಲಿಸಿದ್ದು ಬಿಟ್ಟರೆ.

ಶಹಾಪುರ ಹತ್ತಿರವಾದಂತೆ ನೆಲವೇ ಬದಲಾಗುತ್ತದೆ. ಬಯಲು ಮುಗಿದು ಬೋಳು ಬಂಡೆಗುಡ್ಡಗಳು ಏಳುತ್ತವೆ. ನಮ್ಮ ಕಡೆಯ ಕಪ್ಪು ಮಣ್ಣು ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ಕಲ್ಲಾಗಿ, ಆ ಕಲ್ಲು ಸವೆದು ಆದದ್ದು. ಇಲ್ಲಿಯ ಗ್ರಾನೈಟಿನ ವಯಸ್ಸು 250 ಕೋಟಿ ವರ್ಷದ ಆಸುಪಾಸು. ಇದನ್ನು ಹೇಳಿದರೆ ಮಕ್ಕಳಿಗೆ ಎರಡೂ ಒಂದೇ. ನಿಜ ಹೇಳಬೇಕೆಂದರೆ ನನಗೂ ಅಷ್ಟೇ, ಕೋಟಿ ಅಂದರೆ ನನಗೆ ಲೆಕ್ಕದ ಪುಸ್ತಕವೇ ಕಣ್ಣಿಗೆ ಬರುತ್ತದೆ.

ಊರ ಹೊರಗೆ ರಸ್ತೆಯಲ್ಲಿ ನಿಂತು ನೋಡಿದರೆ ಆ ಗುಡ್ಡಗಳ ಸಾಲೇ ಮಲಗಿದ ಬುದ್ಧ. ಹಣೆ, ಮೂಗು, ತುಟಿ, ಗದ್ದ, ಆಮೇಲೆ ಎದೆ. ಯಾರೂ ಕೆತ್ತಿದ್ದಲ್ಲ. ಒಂದರ ಹಿಂದೆ ಒಂದು ಇರುವ ಬೇರೆ ಬೇರೆ ಗುಡ್ಡಗಳು, ಈ ಕೋನದಿಂದ ಕೂಡಿಕೊಂಡು ಒಬ್ಬ ಮನುಷ್ಯನಾಗುತ್ತವೆ. ಮಗಳಿಗೆ ತಕ್ಷಣ ಕಂಡಿತು. ಸಣ್ಣವನಿಗೆ ಎಷ್ಟು ತೋರಿಸಿದರೂ ಕಾಣಲೊಲ್ಲದು. ಕೊನೆಗೆ ಅವನ ಕೆನ್ನೆಗೆ ನನ್ನ ಕೆನ್ನೆ ತಾಗಿಸಿ, ಮೂಗಿನಿಂದ ಶುರು ಮಾಡಿ ಬೆರಳು ಎಳೆದೆ. "ಹಾಂ! ಮಲಗ್ಯಾನ! ಎಷ್ಟೊತ್ತಿಗೆ ಏಳ್ತಾನ?" ಅಂದ. ಅವನನ್ನು ದಿನಾ ಎಬ್ಬಿಸಲು ಒದ್ದಾಡುವ ನಾನು ಏನು ಹೇಳಲಿ? "ಏಳಂಗಿಲ್ಲ" ಅಂದೆ. "ಅವ್ರಪ್ಪ ಬೈಯಂಗಿಲ್ಲಾ?" ಅಂತ ಕೇಳಿದ. ಹೆಂಡತಿ ನಕ್ಕು ನಕ್ಕು ರಸ್ತೆ ಬದಿಗೇ ಕೂತುಬಿಟ್ಟಳು.

ಊಟಕ್ಕೆ ಒಂದು ಬಂಡೆಯ ಕೆಳಗೆ ಕುಳಿತೆವು. ಬಂಡೆ ಮುಂದಕ್ಕೆ ಚಾಚಿದ್ದರಿಂದ ಅಡಿಯ ಮಣ್ಣಿಗೆ ಮಳೆಯೇ ತಾಗಿರಲಿಲ್ಲ, ಹಿಟ್ಟಿನಷ್ಟು ನುಣುಪಾದ ಧೂಳು. ನಾನು ಮತ್ತೊಮ್ಮೆ ಬುದ್ಧನನ್ನು ತೋರಿಸುವ ಉಮೇದಿನಲ್ಲಿದ್ದೆ. ಮಕ್ಕಳು ರೊಟ್ಟಿ ಕೈಯಲ್ಲಿ ಹಿಡಿದು ನೆಲಕ್ಕೆ ಬಗ್ಗಿದ್ದರು. ಧೂಳಿನಲ್ಲಿ ಸಣ್ಣ ಸಣ್ಣ ಕುಣಿ, ಒಂದೊಂದೂ ರೂಪಾಯಿ ಅಗಲ, ತಳದಲ್ಲಿ ಚೂಪು. ಒಂದು ಇರುವೆ ಅಂಚಿಗೆ ಬಂತು, ಕಾಲು ಜಾರಿತು. ಹತ್ತಲು ನೋಡಿತು. ಆಗ ತಳದಿಂದ ಪಟ್ ಅಂತ ಮಣ್ಣು ಚಿಮ್ಮಿತು. ಮತ್ತೆ ಚಿಮ್ಮಿತು. ಇರುವೆ ಕೆಳಗೆ ಜಾರಿತು, ಎರಡು ಕೊಂಡಿಗಳು ಕಚ್ಚಿ ಹಿಡಿದವು, ಒಂದು ಕ್ಷಣ ಎಳೆದಾಟ, ಆಮೇಲೆ ಬರೀ ಮಣ್ಣು. ಮಗಳು ಕೂಗಿಕೊಂಡಳು. ಸಣ್ಣವನು ಇನ್ನೊಂದು ಇರುವೆ ಹುಡುಕಲು ಎದ್ದ.

ಕಡ್ಡಿಯಿಂದ ಕುಣಿಯ ತಳ ಮೆಲ್ಲಗೆ ಎತ್ತಿ ಅಂಗೈಗೆ ಹಾಕಿಕೊಂಡೆ. ಮಣ್ಣಿನದೇ ಬಣ್ಣ, ಗುಂಡಗಿನ ಹೊಟ್ಟೆ, ಮುಖಕ್ಕಿಂತ ದೊಡ್ಡ ಕೊಂಡಿ. ಬೆರಳ ಸಂದಿಯತ್ತ ಹಿಂದಕ್ಕೆ ಹಿಂದಕ್ಕೆ ನಡೆಯಿತು. ಇಂಗ್ಲಿಷಿನಲ್ಲಿ ಆಂಟ್‌ಲಯನ್ ಅನ್ನುವ ಹುಳದ ಮರಿ ಇದು. ಹಿಡಿದ ಇರುವೆಯ ರಸ ಹೀರಿ ಒಣಸಿಪ್ಪೆಯನ್ನು ಹೊರಗೆಸೆಯುತ್ತದೆ. ದೊಡ್ಡದಾದ ಮೇಲೆ ಮಣ್ಣಿನಲ್ಲೇ ಗೂಡು ಕಟ್ಟಿ, ಉದ್ದ ರೆಕ್ಕೆಯ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಹುಳವಾಗಿ ಹಾರಿಹೋಗುತ್ತದೆ. ನಾನೂ ಸಣ್ಣವನಿದ್ದಾಗ ನಮ್ಮೂರ ಗುಡಿ ಕಟ್ಟೆಯ ಕೆಳಗೆ ಇದನ್ನೇ ಆಡಿದ್ದೆ. ನಮ್ಮ ಈಗಿನ ಅಂಗಳಕ್ಕೆ ಪೂರ್ತಿ ಟೈಲ್ಸ್, ಅಲ್ಲಿ ಯಾವ ಹುಳ ಕುಣಿ ತೋಡೀತು? ಅಲ್ಲಿಂದ ಏಳಲು ಮಕ್ಕಳು ಒಪ್ಪಲೇ ಇಲ್ಲ. ಬುದ್ಧನ ಕಡೆ ಯಾರೂ ತಿರುಗಿ ನೋಡಲಿಲ್ಲ ಅಂತ ನನಗೆ ಸ್ವಲ್ಪ ಬೇಜಾರಾಯಿತು.

ಬೋನಾಳ ಮುಟ್ಟಿದಾಗ ಬಿಸಿಲು ಇಳಿದಿತ್ತು. ಈ ಕೆರೆ ಕಟ್ಟಿಸಿದ್ದು 17ನೇ ಶತಮಾನದಲ್ಲಿ, ಸುರಪುರದ ಪಾಮನಾಯಕ. 19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ದುರಸ್ತಿ ಮಾಡಿಸಿದ. ಸುರಪುರದ ಎಳೆಯ ದೊರೆ ವೆಂಕಟಪ್ಪ ನಾಯಕ ಈ ಟೇಲರನನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. ರಂಗನತಿಟ್ಟು ಬಿಟ್ಟರೆ ರಾಜ್ಯದಲ್ಲಿ ಇದೇ ದೊಡ್ಡ ಪಕ್ಷಿಧಾಮ ಅನ್ನುತ್ತಾರೆ. ಆದರೂ ಕಲಬುರಗಿಯಲ್ಲಿ ಕೇಳಿ ನೋಡಿ, ಅರ್ಧ ಜನ ಹೆಸರೇ ಕೇಳಿರುವುದಿಲ್ಲ.

ದಂಡೆಯ ಜೊಂಡಿನಲ್ಲಿ ನೇರಳೆ ಜಂಬುಕೋಳಿಗಳು ಕೆಂಪು ಕಾಲು ಎತ್ತಿ ಎತ್ತಿ ನಡೆಯುತ್ತಿದ್ದವು. ಹೆಬ್ಬಾತುಗಳು ದೂರ, ನೀರಿನ ಆಚೆ ಬದಿಗೆ. ಪರಿಚಯದವರಿಂದ ತಂದ ದುರ್ಬೀನಿಗೆ ಜಗಳ ಶುರುವಾಯಿತು. ಹೆಂಡತಿ ಪಾಳಿ ಹಚ್ಚಿದಳು, ಅವಳಿಗೆ ಅದು ರೂಢಿ. ಬಿಳಿ ತಲೆ, ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆ. ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆ ಮೊಟ್ಟೆಯಿಟ್ಟು ಚಳಿಗಾಲಕ್ಕೆ ಇಲ್ಲಿಗೆ ಬರುವುದು. ಹಿಮಾಲಯ ದಾಟುವಾಗ ಒಂದು ಹಕ್ಕಿ 7,290 ಮೀಟರ್ ಎತ್ತರಕ್ಕೆ ಹೋಗಿದ್ದು ಜಿಪಿಎಸ್‌ನಲ್ಲಿ ದಾಖಲಾಗಿದೆ. ತೆಳು ಗಾಳಿಯಲ್ಲೂ ಆಮ್ಲಜನಕ ಚೆನ್ನಾಗಿ ಹಿಡಿದುಕೊಳ್ಳುವ ರಕ್ತ ಅದರದು. ಹದ್ದಿನ ಹಾಗೆ ತೇಲುವುದಿಲ್ಲ, ದಾರಿಯುದ್ದಕ್ಕೂ ರೆಕ್ಕೆ ಬಡಿಯಲೇಬೇಕು.

"ಮರಿಗಳನ್ನ ಯಾರ ಮನೆಯಾಗ ಬಿಟ್ಟು ಬಂದಾವ?" ಅಂದಳು ಮಗಳು. ಬಿಟ್ಟು ಬರುವುದಿಲ್ಲ. ಆ ವರ್ಷ ಹುಟ್ಟಿದ ಮರಿಗಳೂ ಅಪ್ಪ ಅಮ್ಮನ ಜೊತೆಗೇ ಹಾರಿ ಬರುತ್ತವೆ, ಮೊದಲ ಚಳಿಗಾಲ ಜೊತೆಗೇ ಇರುತ್ತವೆ. ಅವುಗಳ ತಲೆಗೆ ಇನ್ನೂ ಪಟ್ಟೆ ಬಂದಿರುವುದಿಲ್ಲ. ಇಷ್ಟು ಹೇಳಿದ್ದೇ ತಡ, ದುರ್ಬೀನು ಯಾರಿಗೂ ಸಿಗಲಿಲ್ಲ. "ಅಲ್ಲೊಂದು! ಪಟ್ಟಿ ಇಲ್ಲ! ಬಾಜೂಕ ಅವ್ರಪ್ಪ!" ಅಪ್ಪನೇ ಅಂತ ಅವಳಿಗೆ ಹೇಗೆ ಗೊತ್ತೋ. ನಾನು ವಾದ ಮಾಡಲಿಲ್ಲ.

ಎಮ್ಮೆ ಹೊಡೆದುಕೊಂಡು ಹೊರಟಿದ್ದ ರೈತರೊಬ್ಬರು ನಿಂತರು. "ನಿಮಗ ಚಂದ ಕಾಣ್ತಾವ್ರೀ. ಕತ್ತಲಾದ್ರ ನಮ್ಮ ಗದ್ದಿಗೇ ಬರ್ತಾವ" ಅಂದರು. ಅದೂ ಸುಳ್ಳಲ್ಲ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿನಿಂದ ಈ ಕಡೆ ಭತ್ತ ಬೆಳೆಯುತ್ತಾರೆ, ಹೆಬ್ಬಾತುಗಳು ಹಗಲು ನೀರಲ್ಲಿದ್ದು ರಾತ್ರಿ ಹೊಲದಲ್ಲಿ ಮೇಯುತ್ತವೆ. ನಾಟಿ ಹೊಸದಿದ್ದಾಗ ತಾವು ರಾತ್ರಿ ತಟ್ಟೆ ಬಡಿಯುತ್ತ ಬದುವಿನ ಮೇಲೆ ಕೂರುವುದಾಗಿ ಹೇಳಿದರು. ಮಗಳ ಮುಖ ಸಣ್ಣದಾಯಿತು. ಸಣ್ಣವನಿಗೆ ಮಾತ್ರ ಇಡೀ ದಿನದಲ್ಲಿ ಇದಕ್ಕಿಂತ ಒಳ್ಳೆ ಕೆಲಸ ಕಂಡಿರಲಿಲ್ಲ. ಬುತ್ತಿಯ ಸ್ಟೀಲ್ ತಟ್ಟೆ ತಂದು, "ಕಾಕಾ, ನಾ ಬರ್ಲಾ?" ಅಂತ ಅವರ ಹಿಂದೆ ಹೊರಟೇಬಿಟ್ಟ. ಎತ್ತಿಕೊಂಡು ಬಂದು ಗಾಡಿಯಲ್ಲಿ ಕೂರಿಸಿದೆ. ಜೇವರ್ಗಿ ಬರುವವರೆಗೂ ಆ ತಟ್ಟೆ ಬಡಿಯುತ್ತಲೇ ಇದ್ದ.