ಏರು ರಸ್ತೆ, ಸೋತ ಕಾಲು

ಕಾಯಿಲೆಯಿಂದ ಎದ್ದು ಮೊದಲ ಎಲೆಕ್ಟ್ರಿಕ್ ಸೈಕಲ್ ನೋಡುವವರು ಕೇಳೋದು ಒಂದೇ, ಎಷ್ಟು ಕಿಲೋಮೀಟರ್ ಓಡುತ್ತೆ ಅಂತ. ಮಡಿಕೇರಿಯಂಥ ಏರಿನ ಊರಲ್ಲಿ ಮೊದಲು ಕೇಳಬೇಕಾದ್ದು, ಯಾವಾಗ ಕೈಜೋಡಿಸಬೇಕು ಅಂತ ಮೋಟಾರಿಗೆ ಹೇಳುವ ಸೆನ್ಸರ್ ಯಾವುದು ಅಂತ. ಕೇಡೆನ್ಸ್ ಸೆನ್ಸರ್ ಪೆಡಲ್ ತಿರುಗುತ್ತಿದೆಯಾ ಅಂತ ಮಾತ್ರ ನೋಡುತ್ತೆ. ಏರಿನಲ್ಲಿ ನಿಂತು ಹೊರಟಾಗ ಪೆಡಲ್ ಸ್ವಲ್ಪ ತಿರುಗುವವರೆಗೂ ಮೋಟಾರು ಸುಮ್ಮನಿರುತ್ತೆ. ಸೋತ ಕಾಲಿಗೆ ಅದೇ ಕಷ್ಟದ ಗಳಿಗೆ. ಟಾರ್ಕ್ ಸೆನ್ಸರ್ ಕಾಲು ಒತ್ತಿದಷ್ಟಕ್ಕೆ ತಕ್ಕಂತೆ ಕೈಜೋಡಿಸುತ್ತೆ. ದುಡ್ಡು ಜಾಸ್ತಿ, ಆದರೂ ಅದನ್ನೇ ತಗೊಳ್ಳಿ.

ಇನ್ನು ಎಷ್ಟು ದೂರ ಅನ್ನೋದು ಬ್ಯಾಟರಿಯಲ್ಲಿ ತುಂಬುವ ಶಕ್ತಿಯ ಮೇಲಿದೆ; 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಅಂದ್ರೆ ಎರಡನ್ನೂ ಗುಣಿಸಿ 360 ವಾಟ್-ಅವರ್. ಕಂಪನಿ ಹೇಳುವ ದೂರ ಸಪಾಟು ರಸ್ತೆಯದ್ದು, ನಮ್ಮ ಏರಿಗೆ ಅರ್ಧ ಅಂತಲೇ ಲೆಕ್ಕ ಹಿಡಿಯಿರಿ. ಕಾಲು ಎತ್ತದೆ ಹತ್ತುವ ತಗ್ಗು ಫ್ರೇಮು, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು ಬೇಕೇ ಬೇಕು. ಮಳೆಗಾಲದಲ್ಲಿ ಬ್ಯಾಟರಿ ಕೂರುವ ಜಾಗದ ಪಿನ್ನುಗಳು ಹಸಿರುಗಟ್ಟುತ್ತವೆ, ಒಣಬಟ್ಟೆಯಲ್ಲಿ ಒರೆಸಿಯೇ ಚಾರ್ಜಿಗಿಡಿ.

ಹೊಸ ಕಾಫಿ ಗಿಡದ ಫಸಲಿಗೆ ಮೂರು ವರ್ಷ ಕಾಯ್ತೀವಿ, ದೇಹಕ್ಕೂ ಅಷ್ಟು ತಾಳ್ಮೆ ಕೊಡಬೇಕು ಅನ್ನಿಸುತ್ತೆ.

ಡಾಕ್ಟರ್ ಒಪ್ಪಿದ ಮೇಲೆ ಕುಶಾಲನಗರದ ಸಪಾಟಿನಲ್ಲಿ 15 ನಿಮಿಷದಿಂದ ಶುರು ಮಾಡಿ. ತುಳಿಯುತ್ತಾ ಪೂರ್ತಿ ಒಂದು ಮಾತು ಆಡಕ್ಕೆ ಆಗದಿದ್ದರೆ ಅಸಿಸ್ಟ್, ಅಂದ್ರೆ ಮೋಟಾರಿನ ನೆರವು, ಒಂದು ಹಂತ ಏರಿಸಿ. ಮನೆ ಗುಡ್ಡದ ಮೇಲಿದ್ದರೆ ಹುಷಾರು, ಇಳಿದು ಹೋದ ಏರು ವಾಪಸ್ ಬರುವಾಗ ಸುಸ್ತಾದ ಕಾಲಿಗೇ ಸಿಗುತ್ತೆ.